ಸಿಂಥಸೈಜರ್‌ಗೆ ಅಆಇಈ ಕಲಿಸುವುದು: ಫಿಲ್ಟರ್ ಬಳಕೆಯ ಸಮಗ್ರ ಮಾರ್ಗದರ್ಶಿ

ಮೊದಲು ಒಂದು ಕೆಲಸ ಮಾಡಿ. ಸಿಂಥ್ (ಸಿಂಥಸೈಜರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಮುಟ್ಟಬೇಡಿ. ಒಂದೇ ಶ್ರುತಿ ಹಿಡಿದು ‘ಊ’ ಅನ್ನಿ. ನಡುವೆ ಉಸಿರು ಕಡಿಯದೆ, ಶ್ರುತಿ ಕದಲಿಸದೆ, ನಿಧಾನವಾಗಿ ಅದನ್ನು ‘ಓ’ ಮಾಡಿ, ‘ಆ’ ಮಾಡಿ, ‘ಏ’ ಮಾಡಿ, ‘ಈ’ಗೆ ತಂದು ನಿಲ್ಲಿಸಿ.

ಇಷ್ಟು ಹೊತ್ತೂ ಗಂಟಲು ಮಾಡಿದ್ದು ಒಂದೇ ಕೆಲಸ. ಅಕ್ಷರ ಬದಲಾಯಿಸಿದ್ದು ಬಾಯಿ. ಗಂಟಲಿನಿಂದ ಬಂದ ಒರಟು ಸದ್ದಿನಲ್ಲಿ ಯಾವ ಭಾಗ ಎದ್ದು ಕೇಳಬೇಕು, ಯಾವುದು ಅಡಗಬೇಕು ಅಂತ ತುಟಿ, ನಾಲಿಗೆ, ದವಡೆ ಸೇರಿ ತೀರ್ಮಾನ ಮಾಡಿದವು. ಸಿಂಥ್‌ನಲ್ಲಿ ಈ ಕೆಲಸ ಮಾಡುವುದು ಫಿಲ್ಟರ್. ಅಆಇಈ ಕಲಿತವರಿಗೆಲ್ಲ ಫಿಲ್ಟರ್ ಆಗಲೇ ಗೊತ್ತು. ಅದಕ್ಕೆ ನಾಬ್ ಇದೆ ಅನ್ನುವುದಷ್ಟೇ ಹೊಸದು.

ನಾನು ಮಂಡ್ಯದವನು. ಬಹಳ ವರ್ಷ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದ್ದೇನೆ. ಈಗ ಸಂಜೆ ಹೊತ್ತು ನಾಲ್ಕಾರು ಹುಡುಗರು ಮನೆಗೆ ಬರುತ್ತಾರೆ. ಎಲ್ಲರದ್ದೂ ಒಂದೇ ಚಾಳಿ. ಸೌಂಡು ಹಿಡಿಸದಿದ್ದರೆ ಪ್ರಿಸೆಟ್ (ಮೊದಲೇ ಸಿದ್ಧಮಾಡಿಟ್ಟ ಸೌಂಡು) ಬದಲಾಯಿಸುತ್ತಾರೆ. ಅದೂ ಹಿಡಿಸದಿದ್ದರೆ ಇನ್ನೊಂದು. ಅರ್ಧ ಗಂಟೆ ಹೀಗೇ ಹೋಗುತ್ತದೆ. ಬೇಕಾದ ಸೌಂಡು ಮೊದಲ ಪ್ರಿಸೆಟ್‌ನಲ್ಲೇ ಇರುತ್ತದೆ. ಕಟಾಫ್, ಅಂದರೆ ಫಿಲ್ಟರ್ ಎಲ್ಲಿಂದ ಕಳೆಯಬೇಕು ಅಂತ ಹೇಳುವ ನಾಬ್, ಒಂದಿಷ್ಟು ಇಳಿಸಬೇಕಿತ್ತು, ಅಷ್ಟೇ.

ಏನೇನು ಬೇಕು

ದುಡ್ಡು ಖರ್ಚು ಮಾಡಬೇಡಿ. ಸರ್ಜ್ ಎಕ್ಸ್‌ಟಿ ಅನ್ನುವ ಸಾಫ್ಟ್‌ವೇರ್ ಸಿಂಥ್ ಪೂರ್ತಿ ಉಚಿತ. ವೈಟಲ್‌ಗೂ ಉಚಿತ ಆವೃತ್ತಿ ಇದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ನಿಮ್ಮ ಹತ್ತಿರ ನಾಬ್ ಇರುವ ಕೀಬೋರ್ಡ್ ಇದ್ದರೆ ಇನ್ನೂ ಒಳ್ಳೆಯದು. ಮೌಸ್‌ನಲ್ಲಿ ತಿರುಗಿಸುವುದಕ್ಕೂ ಬೆರಳಲ್ಲಿ ತಿರುಗಿಸುವುದಕ್ಕೂ ತುಂಬಾ ವ್ಯತ್ಯಾಸ.

ಹೆಡ್‌ಫೋನ್ ಮಾತ್ರ ಬೇಕೇ ಬೇಕು. ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳುವುದೇ ಇಲ್ಲ. ಅಲ್ಲಿ ಕೂತು ಫಿಲ್ಟರ್ ಕಲಿಯುವುದು ನೆಗಡಿ ಆದಾಗ ಸಾರಿನ ರುಚಿ ನೋಡಿದ ಹಾಗೆ.

ಹೆಜ್ಜೆ 1: ಒರಟು ಸದ್ದು ತಯಾರಿಸಿ

ಖಾಲಿ ಪ್ಯಾಚ್ (ಒಂದು ಸೌಂಡಿನ ಪೂರ್ತಿ ಸೆಟ್ಟಿಂಗ್) ತೆಗೆಯಿರಿ. ರಿವರ್ಬ್, ಡಿಲೇ, ಕೋರಸ್ ಎಲ್ಲ ಆಫ್ ಮಾಡಿ. ಒಂದೇ ಆಸಿಲೇಟರ್ (ಸದ್ದು ಹುಟ್ಟಿಸುವ ಭಾಗ) ಇರಲಿ. ಅದರಲ್ಲಿ ಸಾಟೂತ್ ವೇವ್ ಆರಿಸಿ. ಚಿತ್ರದಲ್ಲಿ ಗರಗಸದ ಹಲ್ಲಿನ ಹಾಗೆ ಕಾಣುತ್ತದಲ್ಲ, ಅದೇ.

ಕೀಬೋರ್ಡಿನ ನಡುವಿನ ಸಿ ಕೀಯಿಂದ ಎಡಕ್ಕೆ ಹೋದರೆ ಸಿಗುವ ಎರಡನೇ ಎ ಒತ್ತಿ. ಅದು 110 ಹರ್ಟ್ಜ್, ಅಂದರೆ ಸೆಕೆಂಡಿಗೆ 110 ಕಂಪನ. ಆದರೆ ಕೇಳುತ್ತಿರುವುದು 110 ಒಂದೇ ಅಲ್ಲ. ಅದರ ಮೇಲೆ 220, 330, 440, 550 ಹೀಗೆ ಏಣಿಯ ಹಾಗೆ ಸ್ವರಗಳು ಕೂತಿವೆ. ಎರಡನೆಯದರ ಬಲ ಮೊದಲನೆಯದರ ಅರ್ಧ, ಮೂರನೆಯದು ಮೂರನೇ ಒಂದು ಭಾಗ. ಇವಕ್ಕೆ ಹಾರ್ಮೋನಿಕ್ಸ್ ಅಂತ ಹೆಸರು. ಸ್ಕ್ವೇರ್ ವೇವ್‌ನಲ್ಲಿ ಬೆಸ ಸಂಖ್ಯೆಯವು ಮಾತ್ರ ಇರುತ್ತವೆ: 110, 330, 550. ಅದಕ್ಕೇ ಅದು ಕೊಳವೆಯೊಳಗಿಂದ ಬಂದ ಹಾಗೆ ಕೇಳುತ್ತದೆ.

ಸೈನ್ ವೇವ್‌ನಲ್ಲಿ 110 ಬಿಟ್ಟು ಬೇರೇನೂ ಇಲ್ಲ. ‘ಸಾರ್, ನನ್ನ ಫಿಲ್ಟರ್ ಕೆಲಸ ಮಾಡ್ತಿಲ್ಲ’ ಅಂತ ಒಬ್ಬ ಹುಡುಗ ಒಂದು ವಾರ ಒದ್ದಾಡಿದ. ನೋಡಿದರೆ ಸೈನ್ ಇಟ್ಟುಕೊಂಡು ಕೂತಿದ್ದ. ಕಳೆಯಲು ಏನೂ ಇಲ್ಲದ ಕಡೆ ಫಿಲ್ಟರ್ ಏನು ಕಳೆಯಬೇಕು? ವಾಲ್ಯೂಮ್ ಕಡಿಮೆ ಆಗುತ್ತದೆ, ಅಷ್ಟೇ.

ಹೆಜ್ಜೆ 2: ಕಟಾಫ್ ಒಂದನ್ನೇ ತಿರುಗಿಸಿ

ಫಿಲ್ಟರ್ ಆನ್ ಮಾಡಿ, ಮೇಲಿನ ಸದ್ದನ್ನು ಕಳೆಯುವ ಲೋ-ಪಾಸ್ ಆರಿಸಿ. ರೆಸೊನೆನ್ಸ್ ಸೊನ್ನೆಯಲ್ಲಿರಲಿ, ಅದರ ಪಾಠ ಮುಂದಿನ ಹೆಜ್ಜೆಯಲ್ಲಿ. ಕಟಾಫ್ ಪೂರ್ತಿ ಮೇಲಿಟ್ಟು ಕೀ ಒತ್ತಿ ಹಿಡಿಯಿರಿ. ಈಗ ಕಟಾಫ್ ಇಳಿಸಿ. ಹತ್ತು ಹದಿನೈದು ಸೆಕೆಂಡ್ ತಗೊಳ್ಳಿ, ಅವಸರ ಬೇಡ.

ಮೊದಲು ಹೋಗುವುದು ತಲೆ ಮೇಲಿನ ಝುಯ್ ಸದ್ದು. 2000 ಹರ್ಟ್ಜ್ ಹತ್ತಿರ ಬಂದಾಗ ಮೊನಚು ಹೋಗುತ್ತದೆ. 500ರ ಹತ್ತಿರ ಕಂಬಳಿ ಹೊದ್ದ ಹಾಗೆ. 110ಕ್ಕಿಂತ ಕೆಳಗೆ ಹೋದರೆ ಮೂಲ ಸ್ವರವೇ ಕರಗುತ್ತದೆ. ಕೆಲವು ಸಿಂಥ್‌ಗಳಲ್ಲಿ ಕಟಾಫ್ ಹರ್ಟ್ಜ್ ಲೆಕ್ಕದಲ್ಲಿ ಇರುವುದಿಲ್ಲ, ಸ್ವರಗಳ ಲೆಕ್ಕದಲ್ಲೋ ಶೇಕಡಾದಲ್ಲೋ ಇರುತ್ತದೆ. ತಲೆ ಕೆಡಿಸಿಕೊಳ್ಳಬೇಡಿ. ಕಣ್ಣು ಮುಚ್ಚಿ ಮಾಡಿ.

ಕಟಾಫ್ ಅಂದರೆ ಅಲ್ಲಿ ಗೋಡೆ ಇದೆ ಅಂತಲ್ಲ. ಅಲ್ಲಿಂದ ಇಳಿಜಾರು ಶುರು. ಆ ಇಳಿಜಾರು ಎಷ್ಟು ಕಡಿದು ಅಂತ ಹೇಳುವುದು ಒಂದು ಸ್ಥಾಯಿಗೆ 12 ಡೆಸಿಬೆಲ್, 24 ಡೆಸಿಬೆಲ್ ಅನ್ನುವ ಅಂಕಿ. ಚಾಮುಂಡಿ ಬೆಟ್ಟದಿಂದ ಬಸ್ಸಿನ ದಾರಿಯಲ್ಲಿ ಸುತ್ತಿ ಸುತ್ತಿ ಇಳಿದರೆ 12, ಮೆಟ್ಟಿಲು ಹಿಡಿದು ನೇರ ಇಳಿದರೆ 24. ಕಟಾಫ್ 440 ಇದ್ದರೆ ಒಂದು ಸ್ಥಾಯಿ ಮೇಲಿನ 880ರಿಂದ 1760ಕ್ಕೆ ಹೋಗುವಷ್ಟರಲ್ಲಿ 12ರ ಫಿಲ್ಟರ್ ಸದ್ದಿನ ಅಲೆಯನ್ನು ಇನ್ನೂ ಕಾಲು ಭಾಗಕ್ಕೆ ಇಳಿಸುತ್ತದೆ. 24ರದ್ದು ಹದಿನಾರನೇ ಒಂದು ಭಾಗಕ್ಕೆ. ದಪ್ಪ ಬೇಸ್ ಬೇಕಾದರೆ ನಾನು 24 ಇಡುತ್ತೇನೆ. ಹಿಂದೆ ಹರಡಿಕೊಳ್ಳುವ ಸ್ಟ್ರಿಂಗ್ಸ್, ಪ್ಯಾಡ್‌ಗೆ 12. ಅದರಲ್ಲಿ ಗಾಳಿ ಉಳಿಯುತ್ತದೆ.

ಈ 24ರ ಲೋ-ಪಾಸ್‌ಗೆ ಹೆಸರು ತಂದವರು ಅಮೆರಿಕದ ರಾಬರ್ಟ್ ಮೂಗ್. ಟ್ರಾನ್ಸಿಸ್ಟರ್‌ಗಳನ್ನು ಏಣಿಯ ಹಾಗೆ ಜೋಡಿಸಿದ ಅವರ ಸರ್ಕ್ಯೂಟ್‌ಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. 1970ರ ಮಿನಿಮೂಗ್‌ನಲ್ಲಿ ಕೇಳುವುದು ಅದೇ. ಇವತ್ತಿನ ಸಾಫ್ಟ್‌ವೇರಿನಲ್ಲಿ ‘ಲ್ಯಾಡರ್’ ಅಂತ ಕಂಡರೆ ಅದರ ನಕಲು ಅಂತ ತಿಳಿಯಿರಿ.

ಹೆಜ್ಜೆ 3: ರೆಸೊನೆನ್ಸ್, ಮತ್ತು ಮದ್ದೂರಿನಲ್ಲಿ ಆದ ಅವಮಾನ

ರೆಸೊನೆನ್ಸ್ ಏರಿಸಿದರೆ ಕಟಾಫ್ ಇರುವ ಜಾಗದಲ್ಲೇ ಸದ್ದು ಉಬ್ಬುತ್ತದೆ. ಕೊಡಕ್ಕೆ ನೀರು ತುಂಬುವಾಗ ಸದ್ದು ಮೇಲಕ್ಕೇರುತ್ತಾ ಹೋಗುತ್ತದಲ್ಲ, ಆ ಜಾತಿಯ ಉಬ್ಬು.

ವಾಲ್ಯೂಮ್ ಅರ್ಧಕ್ಕಿಂತ ಕಡಿಮೆ ಮಾಡಿ. ಇದು ಸುಮ್ನೆ ಹೇಳುವ ಮಾತಲ್ಲ. ಮದ್ದೂರಿನ ಹತ್ತಿರದ ಒಂದು ಊರಿನಲ್ಲಿ ಗಣೇಶನ ಕಾರ್ಯಕ್ರಮ. ಹೊಸದಾಗಿ ನಾಬ್ ಇರುವ ಸಿಂಥ್ ತಂದಿದ್ದೆ. ಉತ್ಸಾಹದಲ್ಲಿ ರೆಸೊನೆನ್ಸ್ ತುದಿ ಮುಟ್ಟಿಸಿ ಕಟಾಫ್ ಎಳೆದೆ. ಹಾರ್ನ್ ಸ್ಪೀಕರಿನಿಂದ ಬಂದ ಕಿರುಚಾಟಕ್ಕೆ ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು. ಪೆಂಡಾಲಿನ ಹಿಂದೆ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ತಪ್ಪು ಪೂರ್ತಿ ನನ್ನದೇ. ರೆಸೊನೆನ್ಸ್ ತುದಿಗೆ ಹೋದರೆ ಬಹಳಷ್ಟು ಫಿಲ್ಟರ್‌ಗಳು ತಾವೇ ಕೂಗಲು ಶುರು ಮಾಡುತ್ತವೆ. ಆಸಿಲೇಟರ್ ಆಫ್ ಇದ್ದರೂ ಸೀಟಿ ಹೊಡೆಯುತ್ತವೆ. ಹೆಡ್‌ಫೋನ್ ಹಾಕಿದ್ದರೆ ಕಿವಿಗೇ ಏಟು.

ಈಗ ನನಗೆ ತುಂಬಾ ಇಷ್ಟವಾದ ಪಾಠ. ರೆಸೊನೆನ್ಸ್ ಮುಕ್ಕಾಲಿಗೆ ಇಡಿ. 110ರ ಕೀ ಒತ್ತಿ ಹಿಡಿದು ಕಟಾಫನ್ನು ಕೆಳಗಿನಿಂದ ತೀರಾ ನಿಧಾನವಾಗಿ ಮೇಲಕ್ಕೆ ತನ್ನಿ. ಏಣಿಯ ಒಂದೊಂದೇ ಮೆಟ್ಟಿಲು ಎದ್ದು ಹಾಡುತ್ತದೆ. 110 ಷಡ್ಜ ಅಂದುಕೊಳ್ಳಿ. 220 ಮೇಲಿನ ಷಡ್ಜ. 330 ಪಂಚಮ. 440 ಮತ್ತೆ ಷಡ್ಜ. 550ಕ್ಕೆ ಬಂದಾಗ ಅಂತರ ಗಾಂಧಾರ! 660 ಪಂಚಮ. 770 ಕೈಶಿಕಿ ನಿಷಾದಕ್ಕಿಂತ ಸ್ವಲ್ಪ ಇಳಿದ, ಯಾವ ಕೀಬೋರ್ಡಿನಲ್ಲೂ ಇಲ್ಲದ ಒಂದು ಸ್ವರ.

ಮೈಸೂರಿನ ಸಂಗೀತ ಸಭೆಗಳಲ್ಲಿ ಕೂತವರಿಗೆ ಇದು ಹೊಸದಲ್ಲ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದ ಗಾಂಧಾರ ತೇಲಿ ಬರುತ್ತದೆ ಅಂತ ಹಿರಿಯರು ಹೇಳುತ್ತಾರಲ್ಲ, ಅದು ಇದೇ ಐದನೇ ಹಾರ್ಮೋನಿಕ್. ಅಲ್ಲಿ ಕುದುರೆಯ (ತಂತಿ ಕೂರುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ಸರಿಸುವ ನೂಲಿನ ಎಳೆ ಹಾರ್ಮೋನಿಕ್ಸ್‌ಗೆ ಜೀವ ತುಂಬುತ್ತದೆ. ಇಲ್ಲಿ ಅವು ಆಗಲೇ ಇವೆ. ನೀವು ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದೀರಿ. ಒಂದು ವಾರ ದಿನಾ ಐದು ನಿಮಿಷ ಇದನ್ನು ಮಾಡಿ. ಸದ್ದು ಅಂದರೆ ಒಂದು ಮುದ್ದೆ ಅಲ್ಲ ಅಂತ ಕಿವಿಗೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಏಣಿ ಜಾತಿಯ ಫಿಲ್ಟರ್‌ಗಳಲ್ಲಿ ರೆಸೊನೆನ್ಸ್ ಏರಿಸಿದಷ್ಟೂ ಬೇಸ್ ಸೊರಗುತ್ತದೆ. ಅದು ದೋಷ ಅಲ್ಲ, ಅದರ ಸ್ವಭಾವ. ಬೇಸ್ ಸೌಂಡು ಮಾಡುವಾಗ ರೆಸೊನೆನ್ಸ್ ಕಾಲು ಭಾಗ ದಾಟಬೇಡಿ. ದಾಟಲೇಬೇಕಾದರೆ ಕೆಳಗೆ ಇನ್ನೊಂದು ಸೈನ್ ಆಸಿಲೇಟರ್ ಸೇರಿಸಿ, ಅದನ್ನು ಫಿಲ್ಟರ್‌ಗೆ ಕಳಿಸದೆ ನೇರ ಹೊರಗೆ ಬಿಡಿ.

ಹೆಜ್ಜೆ 4: ಎನ್ವಲಪ್ ಅನ್ನುವ ನೀರಗಂಟಿ

ಪ್ರತಿ ಸ್ವರಕ್ಕೂ ಕೈಯಲ್ಲಿ ನಾಬ್ ತಿರುಗಿಸಲು ಆಗುವುದಿಲ್ಲ. ಆ ಕೆಲಸಕ್ಕೆ ಆಳು ಇಟ್ಟುಕೊಳ್ಳಬೇಕು. ನಮ್ಮ ನಾಲೆ ಬಯಲಿನವರಿಗೆ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಗೊತ್ತು. ತೂಬಿನ ಹಲಗೆ ಮಾಮೂಲಿಗೆ ಎಲ್ಲಿ ನಿಂತಿದೆ? ಅದು ಕಟಾಫ್. ನೀರಗಂಟಿ ಅದನ್ನು ಎಷ್ಟು ಎತ್ತುತ್ತಾನೆ? ಅದು ಎನ್ವಲಪ್ ಅಮೌಂಟ್. ಎಷ್ಟು ಬೇಗ ಎತ್ತುತ್ತಾನೆ, ಅಟ್ಯಾಕ್. ಎಷ್ಟು ಬೇಗ ಇಳಿಸುತ್ತಾನೆ, ಡಿಕೇ. ಇಳಿಸಿ ಎಲ್ಲಿ ನಿಲ್ಲಿಸುತ್ತಾನೆ, ಸಸ್ಟೇನ್. ನೀವು ಕೀ ಬಿಟ್ಟ ಮೇಲೆ ಹಲಗೆ ಮೊದಲಿನ ಜಾಗಕ್ಕೆ ಹೋಗುವ ಹೊತ್ತು ರಿಲೀಸ್.

ಎಲ್ಲರೂ ಎಡವುವ ಜಾಗ ಒಂದಿದೆ. ಸಿಂಥ್‌ನಲ್ಲಿ ಎರಡು ಎನ್ವಲಪ್ ಇರುತ್ತವೆ. ಒಂದು ವಾಲ್ಯೂಮ್‌ಗೆ, ಒಂದು ಫಿಲ್ಟರ್‌ಗೆ. ಫಿಲ್ಟರ್‌ನದ್ದು ಮುಟ್ಟುತ್ತಿದ್ದೇನೆ ಅಂತ ವಾಲ್ಯೂಮ್‌ದನ್ನು ತಿರುಗಿಸುತ್ತಾ ಕೂರುತ್ತಾರೆ. ಕಲಿಯುವಾಗ ವಾಲ್ಯೂಮ್ ಎನ್ವಲಪ್‌ನ ಸಸ್ಟೇನ್ ಪೂರ್ತಿ ಇಟ್ಟುಬಿಡಿ. ಆಗ ಕೇಳುವ ಬದಲಾವಣೆ ಎಲ್ಲ ಫಿಲ್ಟರ್‌ನದ್ದೇ.

ಮೀಟಿದ ತಂತಿ: ಕಟಾಫ್ 300 ಹರ್ಟ್ಜ್, ಅಮೌಂಟ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಟ್ಯಾಕ್ ಸೊನ್ನೆ, ಡಿಕೇ 400 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆ. ಒತ್ತಿ ನೋಡಿ. ‘ಟೊಯ್ಂ’ ಅಂತ ಬರುತ್ತದೆ. ಯಾಕೆ ತಂತಿಯ ಹಾಗೆ ಕೇಳುತ್ತದೆ ಗೊತ್ತಾ? ನಿಜವಾದ ವೀಣೆಯಲ್ಲೂ ಮೀಟಿದ ತಕ್ಷಣ ಮೇಲಿನ ಹಾರ್ಮೋನಿಕ್ಸ್ ಜೋರಾಗಿರುತ್ತವೆ, ಆಮೇಲೆ ಅವು ಬೇಗ ಸಾಯುತ್ತವೆ. ಕೆಳಗಿನವು ಹೆಚ್ಚು ಹೊತ್ತು ಉಳಿಯುತ್ತವೆ. ಫಿಲ್ಟರ್ ಇಳಿಯುವುದು ಅದನ್ನೇ ಮಾಡುತ್ತದೆ. ಸೌಂಡು ಒಪ್ಪಿಗೆ ಆದ ಮೇಲೆ ವಾಲ್ಯೂಮ್‌ಗೂ 1500 ಮಿಲಿಸೆಕೆಂಡ್‌ನಷ್ಟು ಡಿಕೇ ಕೊಡಿ, ಅದರ ಸಸ್ಟೇನ್ ಸೊನ್ನೆಗಿಳಿಸಿ. ವೀಣೆಯೇ ಆಗುತ್ತದೆ ಅಂತ ಹೇಳುವುದಿಲ್ಲ. ಮೈಸೂರಿನ ವೀಣೆ ಶೇಷಣ್ಣನವರ ಊರಿನ ಪಕ್ಕ ಇದ್ದುಕೊಂಡು ಅಷ್ಟು ಧೈರ್ಯ ನನಗಿಲ್ಲ.

ಊದುವ ವಾದ್ಯ: ಇಲ್ಲಿ ಅಟ್ಯಾಕ್ 80 ಮಿಲಿಸೆಕೆಂಡ್, ಡಿಕೇ 300, ಸಸ್ಟೇನ್ ಮುಕ್ಕಾಲು. ಊದುವ ವಾದ್ಯದಲ್ಲಿ ಉಸಿರು ಸೇರಿದಷ್ಟೂ ಸದ್ದು ಬೆಳಗುತ್ತದೆ, ಅದಕ್ಕೆ ಕ್ಷಣ ಹೊತ್ತು ಬೇಕು. 80ರ ಬದಲು 5 ಮಾಡಿದರೆ ಊದಿದ ಹಾಗೆ ಇರುವುದಿಲ್ಲ, ಹೊಡೆದ ಹಾಗೆ ಇರುತ್ತದೆ. ಜತೆಗೆ ವೆಲಾಸಿಟಿಯನ್ನೂ (ಕೀ ಎಷ್ಟು ಜೋರಾಗಿ ಒತ್ತಿದಿರಿ ಅನ್ನುವ ಅಳತೆ) ಕಟಾಫ್‌ಗೆ ಜೋಡಿಸಿ. ಜೋರಾಗಿ ಒತ್ತಿದರೆ ಸದ್ದು ದೊಡ್ಡದಾದರೆ ಸಾಲದು, ಬಾಯಿ ಅಗಲವೂ ಆಗಬೇಕು. ಯಾರನ್ನಾದರೂ ಮೆಲ್ಲಗೆ ಕರೆಯಿರಿ, ಆಮೇಲೆ ಗದ್ದೆ ಆಚೆ ಕಡೆ ಇರುವವರನ್ನು ಕೂಗಿ ಕರೆಯಿರಿ. ಬಾಯಿ ಎಷ್ಟು ಬದಲಾಯಿತು ಗಮನಿಸಿ.

ಹೆಜ್ಜೆ 5: ಕೀ ಟ್ರ್ಯಾಕಿಂಗ್

ಕೆಳಗೆ ಚೆನ್ನಾಗಿ ಕೇಳುತ್ತಿದ್ದ ಪ್ಯಾಚ್ ಮೇಲಿನ ಸ್ಥಾಯಿಗೆ ಹೋದರೆ ಮಂಕಾಗುತ್ತದೆ. ಕಟಾಫ್ 800ರಲ್ಲಿ ನಿಂತಿದೆ, ನೀವು 1000 ಹರ್ಟ್ಜ್‌ನ ಸ್ವರ ಒತ್ತಿದ್ದೀರಿ. ಮೂಲ ಸ್ವರವೇ ಇಳಿಜಾರಿನಲ್ಲಿ ಜಾರಿತು. ಕೀ ಟ್ರ್ಯಾಕಿಂಗ್ ಏರಿಸಿದರೆ ಸ್ವರದ ಜತೆ ಕಟಾಫೂ ಏರುತ್ತದೆ. ಶೇಕಡಾ 100 ಇಟ್ಟರೆ ಎಲ್ಲ ಸ್ಥಾಯಿಯಲ್ಲೂ ಒಂದೇ ಬಣ್ಣ. ನನಗೆ 50ರ ಆಸುಪಾಸು ಹಿತ. ನಿಜವಾದ ವಾದ್ಯಗಳೂ ಮೇಲೆ ಹೋದಂತೆ ಸ್ವಲ್ಪ ಮೆತ್ತಗಾಗುತ್ತವೆ.

ಹೆಜ್ಜೆ 6: ಎಲ್‌ಎಫ್‌ಓ

ಇದು (ಲೋ ಫ್ರೀಕ್ವೆನ್ಸಿ ಆಸಿಲೇಟರ್) ಕಟಾಫನ್ನು ತಾನೇ ಮೇಲೆ ಕೆಳಗೆ ತೂಗುವ ಯಂತ್ರ. ಎರಡೇ ಬಳಕೆ ಕಲಿಯಿರಿ. ನಿಧಾನ: 0.1 ಹರ್ಟ್ಜ್, ಅಂದರೆ 10 ಸೆಕೆಂಡಿಗೆ ಒಂದು ತೂಗು, ಪ್ರಮಾಣ ತೀರಾ ಕಡಿಮೆ. ಪ್ಯಾಡ್ ಉಸಿರಾಡುತ್ತದೆ. ವೇಗ: ಹಾಡಿನ ಟೆಂಪೋಗೆ ಕಟ್ಟಿ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಇದ್ದರೆ ಒಂದು ಬೀಟ್ ಅರ್ಧ ಸೆಕೆಂಡ್, ಎಲ್‌ಎಫ್‌ಓ 2 ಹರ್ಟ್ಜ್. ಉಳಿದ ‘ವಾವ್ ವಾವ್’ ಆಟವೆಲ್ಲ ಎರಡು ದಿನದಲ್ಲಿ ಬೇಜಾರಾಗುತ್ತದೆ.

ಕೈಯಿಂದಲೇ ತಿರುಗಿಸಿದ ಕಟಾಫ್‌ನ ರುಚಿ ಬೇರೆ. ರೋಲ್ಯಾಂಡ್ ಟಿಬಿ-303 ಅನ್ನುವ ಪುಟ್ಟ ಬೇಸ್ ಯಂತ್ರ ಹೆಸರಾಗಿದ್ದೇ ಹಾಗೆ, ನುಡಿಯುತ್ತಿರುವಾಗಲೇ ಕಟಾಫ್, ರೆಸೊನೆನ್ಸ್ ತಿರುಗಿಸುವುದರಿಂದ. 1982ರಲ್ಲೇ ಮುಂಬೈನ ಚರಣ್‌ಜಿತ್ ಸಿಂಗ್ ಅದನ್ನು ಬಳಸಿ ಡಿಸ್ಕೋ ತಾಳದ ಮೇಲೆ ರಾಗಗಳನ್ನು ರೆಕಾರ್ಡ್ ಮಾಡಿದ್ದರು. ಆಗ ಹೆಚ್ಚು ಜನ ಕೇಳಲಿಲ್ಲ. ಈಗ ಜಗತ್ತೇ ಹುಡುಕಿ ಕೇಳುತ್ತದೆ.

ಹೆಜ್ಜೆ 7: ಉಳಿದ ಫಿಲ್ಟರ್‌ಗಳು

ಹೈ-ಪಾಸ್ ಉಲ್ಟಾ ಕೆಲಸ ಮಾಡುತ್ತದೆ. ಕೆಳಗಿನದನ್ನು ಕಳೆದು ಮೇಲಿನದನ್ನು ಬಿಡುತ್ತದೆ. ಆರ್ಕೆಸ್ಟ್ರಾದವರಿಗೆ ಇದು ಅನ್ನ ಹಾಕುವ ಫಿಲ್ಟರ್. ಬೇಸ್ ಗಿಟಾರ್, ಡೋಲು, ಕೀಬೋರ್ಡ್ ಪ್ಯಾಡ್ ಮೂರೂ ಕೆಳಗೆ ಗುದ್ದಾಡಿದರೆ ಹಾಡುವವರ ಮಾತು ಕೇಳುವುದಿಲ್ಲ. ಪ್ಯಾಡ್‌ಗೆ 150ರಿಂದ 200 ಹರ್ಟ್ಜ್‌ನಲ್ಲಿ ಹೈ-ಪಾಸ್ ಹಾಕಿ. ಒಬ್ಬರೇ ಕೇಳಿದಾಗ ಪ್ಯಾಡ್ ಬಡಕಲು ಅನಿಸುತ್ತದೆ. ಎಲ್ಲರೂ ನುಡಿಸುವಾಗ ಜಾಗ ಸಿಕ್ಕಿರುತ್ತದೆ.

ಬ್ಯಾಂಡ್-ಪಾಸ್ ನಡುವಿನದನ್ನು ಮಾತ್ರ ಬಿಡುತ್ತದೆ. ಹಳೇ ಟೆಲಿಫೋನ್ 300ರಿಂದ 3400 ಹರ್ಟ್ಜ್ ಮಾತ್ರ ಸಾಗಿಸುತ್ತಿತ್ತು. ಮಾರಿಹಬ್ಬದ ದಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಬರುವ ಹಾಡೂ ಇದೇ ಜಾತಿ. ನಾಚ್ ಅದರ ವಿರುದ್ಧ, ನಡುವೆ ಒಂದು ಹಳ್ಳ ತೋಡುತ್ತದೆ. ಹಳ್ಳವನ್ನು ಆಚೆ ಈಚೆ ಸರಿಸಿದರೆ ಫೇಸರ್ ಸದ್ದು. ಅದರ ಬಗ್ಗೆ ಇಷ್ಟು ಸಾಕು.

ಹೆಜ್ಜೆ 8: ಅಕ್ಷರ ಹೇಳಿಸಿ

ಈಗ ಮೊದಲಿನ ಅಆಇಈಗೆ ಬರೋಣ. ಬಾಯಿ ಒಂದು ಫಿಲ್ಟರ್ ಅಲ್ಲ, ಹಲವು. ಅಕ್ಷರ ಗುರುತು ಹಿಡಿಯಲು ಅದರ ಮೊದಲ ಎರಡು ಉಬ್ಬುಗಳು ಬಹುಮಟ್ಟಿಗೆ ಸಾಕು. ಎರಡು ಬ್ಯಾಂಡ್-ಪಾಸ್ ಫಿಲ್ಟರ್ ತಗೊಂಡು ಅಕ್ಕಪಕ್ಕ ಜೋಡಿಸಿ. ಒಂದರ ಹಿಂದೆ ಒಂದು ಇಟ್ಟರೆ ಆಗುವುದಿಲ್ಲ, ಮೊದಲನೆಯದು ಬಿಟ್ಟದ್ದನ್ನು ಎರಡನೆಯದು ನುಂಗುತ್ತದೆ. ರೆಸೊನೆನ್ಸ್ ಮುಕ್ಕಾಲು ಇರಲಿ.

ಗಂಡಸಿನ ದನಿಗೆ ಅಂದಾಜು ಲೆಕ್ಕ ಹೀಗೆ. ‘ಆ’ಗೆ 700 ಮತ್ತು 1100 ಹರ್ಟ್ಜ್. ‘ಈ’ಗೆ 300 ಮತ್ತು 2300. ‘ಊ’ಗೆ 300 ಮತ್ತು 800. ಹೆಂಗಸರ, ಮಕ್ಕಳ ದನಿಗೆ ಎಲ್ಲ ಇನ್ನೂ ಮೇಲೆ. ‘ಊ’ ಮತ್ತು ‘ಈ’ ನೋಡಿ: ಕೆಳಗಿನ ಉಬ್ಬು ಕದಲಲೇ ಇಲ್ಲ, ಮೇಲಿನದು ಮಾತ್ರ ಓಡಿತು. ಒಂದೇ ನಾಬ್‌ನಲ್ಲಿ ಎರಡು ಅಕ್ಷರ. ಆಸಿಲೇಟರ್ 110 ಹರ್ಟ್ಜ್ ಸಾಟೂತ್. ಸ್ವರ ಮೇಲಕ್ಕೆ ಹೋದಷ್ಟೂ ಅಕ್ಷರ ಅಸ್ಪಷ್ಟ ಆಗುತ್ತದೆ, ಯಾಕೆಂದರೆ ಏಣಿಯ ಮೆಟ್ಟಿಲುಗಳು ದೂರ ದೂರ ಆಗಿ ಉಬ್ಬಿನ ಜಾಗದಲ್ಲಿ ಹಾರ್ಮೋನಿಕ್ ಸಿಗದೆ ಹೋಗಬಹುದು.

ಹೆಜ್ಜೆ 9: ಮೋರ್ಸಿಂಗ್ ಪ್ಯಾಚ್

ಕಛೇರಿಯಲ್ಲಿ ಮೋರ್ಸಿಂಗ್ ನೋಡಿದ್ದೀರಲ್ಲ, ಬಾಯಿಗೆ ಹಿಡಿದು ಮೀಟುವ ಪುಟ್ಟ ಲೋಹದ ವಾದ್ಯ. ಅದರ ನಾಲಿಗೆಗೆ ಇರುವುದು ಒಂದೇ ಶ್ರುತಿ. ಮಿಕ್ಕ ಆಟವೆಲ್ಲ ಬಾಯಿಯದ್ದು, ಉಸಿರಿನದ್ದು. ಫಿಲ್ಟರ್ ಕಲಿತದ್ದು ಎಷ್ಟು ಅಂತ ನೋಡಲು ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ.

ಸಾಟೂತ್ ಇರಲಿ, 110 ಹರ್ಟ್ಜ್ ಕೀ ಒಂದೇ. ಬ್ಯಾಂಡ್-ಪಾಸ್ 12, ರೆಸೊನೆನ್ಸ್ ಮುಕ್ಕಾಲು. ವಾಲ್ಯೂಮ್ ಎನ್ವಲಪ್: ಅಟ್ಯಾಕ್ ಸೊನ್ನೆ, ಡಿಕೇ 800 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆ, ರಿಲೀಸ್ 200. ಮಾಡ್ ವೀಲನ್ನು (ಕೀಗಳ ಎಡಗಡೆ ಇರುವ ಚಕ್ರ) ಕಟಾಫ್‌ಗೆ ಜೋಡಿಸಿ: ವೀಲ್ ಕೆಳಗಿದ್ದಾಗ 400 ಹರ್ಟ್ಜ್, ಪೂರ್ತಿ ಮೇಲಿದ್ದಾಗ 2500. ಬ್ಯಾಂಡ್-ಪಾಸ್ 110ನ್ನೇ ತಿಂದುಹಾಕುತ್ತದೆ. ಹಾಗಾಗಿ ಅದೇ ಸ್ವರದ ಸೈನ್ ಒಂದನ್ನು ಫಿಲ್ಟರ್ ತಪ್ಪಿಸಿ ಮೆಲ್ಲಗೆ ಸೇರಿಸಿ.

ಬಲಗೈ ಕೀಯನ್ನು ಸಮನಾಗಿ ಒತ್ತುತ್ತಾ ಹೋಗಲಿ. ಬಾಯಲ್ಲಿ ‘ತ ಕ ಧಿ ಮಿ’ ಹೇಳಿ. ಎಡಗೈಯ ವೀಲ್ ನಿಮ್ಮ ಬಾಯಿಯನ್ನು ಹಿಂಬಾಲಿಸಲಿ: ‘ತ’ಗೆ ನಡುವೆ, ‘ಕ’ಗೆ ಸ್ವಲ್ಪ ಕೆಳಗೆ, ‘ಧಿ’ಗೆ ಮೇಲೆ, ‘ಮಿ’ಗೆ ಕೆಳಗಿನಿಂದ ಮೇಲಕ್ಕೆ ಒಂದು ಎಳೆತ. ಬಾಯಿ ಹೇಳುವುದು ನಿಂತರೆ ಕೈ ದಾರಿ ತಪ್ಪುತ್ತದೆ, ಆದ್ದರಿಂದ ನಾಚಿಕೆ ಬಿಟ್ಟು ಗಟ್ಟಿಯಾಗಿ ಹೇಳಿ. ಒಂದನೇ ಕಾಲದಲ್ಲಿ ಹಿಡಿತ ಬಂದ ಮೇಲೆ ಎರಡನೇ ಕಾಲಕ್ಕೆ (ದುಪ್ಪಟ್ಟು ವೇಗಕ್ಕೆ) ಹೋಗಿ. ಅಲ್ಲಿ ವೀಲ್ ಹಿಂದೆ ಬೀಳುತ್ತದೆ. ಆಗ ಬೆರಳನ್ನು ಓಡಿಸಬೇಡಿ. 2500 ಇರುವ ತುದಿಯನ್ನು 1500ಕ್ಕೆ ಇಳಿಸಿ, ಕಡಿಮೆ ದೂರ ಹೋದರೆ ಸಾಕಾಗುತ್ತದೆ. ಮೂರನೇ ಕಾಲದಲ್ಲಿ ‘ಧಿ’ಗೆ ಮಾತ್ರ ವೀಲ್ ಎತ್ತಿ, ಮಿಕ್ಕಿದ್ದನ್ನು ಕೇಳುವವರ ಕಿವಿಯೇ ತುಂಬಿಕೊಳ್ಳುತ್ತದೆ.